ಕುಮಟಾದಲ್ಲಿ ಮನೆಗೇ ಬರುವ ‘ಡಯಾಬಿಟಿಕ್ ಹಾರ್ಟ್ ಪ್ಯಾಕೇಜ್’: ಸೇವೆ ಪರವಾಗಿಲ್ಲ, ಪ್ಯಾಕೇಜ್ ಬೇಡ

ಅವಸರದಲ್ಲಿ ಇರುವವರಿಗೆ ಮೇಲಿನ ಸಾಲೇ ಸಾಕು. ಪುರುಸೊತ್ತಿದ್ದರೆ ಮುಂದೆ ಓದಿ. 2,499 ರೂಪಾಯಿ ಕೊಟ್ಟು 78 ಟೆಸ್ಟ್ ಮಾಡಿಸಿದೆ. ಶುಗರ್ ಇರುವವರ ಹೃದಯದ ಬಗ್ಗೆ ತಿಳಿಯಲು ಮುಖ್ಯವಾಗಿ ಬೇಕಾದ ಟೆಸ್ಟುಗಳೇ ಆ 78ರಲ್ಲಿ ಇರಲಿಲ್ಲ.

ಲ್ಯಾಬಿನ ಹೆಸರು ಬರೆಯುವುದಿಲ್ಲ. ದೊಡ್ಡ ಕಂಪನಿಯೊಂದರ ಫ್ರಾಂಚೈಸಿ. ಈಗ ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ ಬದಿಯ ಊರುಗಳಲ್ಲೆಲ್ಲ ಇಂಥ ಅಂಗಡಿಗಳಾಗಿವೆ. ಒಂದು ಕುರ್ಚಿ, ಒಂದು ಫ್ರಿಜ್, ಗಾಜಿನ ಬಾಗಿಲ ಮೇಲೆ ನಗುವ ಹಣ್ಣುಕೂದಲಿನ ದಂಪತಿಯ ಚಿತ್ರ. ಪ್ಯಾಕೇಜುಗಳೂ ಹೆಚ್ಚುಕಮ್ಮಿ ಒಂದೇ ಥರ. ಹಾಗಾಗಿ ಇಲ್ಲಿ ಬರೆದದ್ದು ನಿಮ್ಮೂರಿನ ಲ್ಯಾಬಿಗೂ ಹೊಂದಬಹುದು.

ನನ್ನ ಬಗ್ಗೆ ಸ್ವಲ್ಪ. ಕುಮಟಾ ಹತ್ತಿರದ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು ಐವತ್ತು ದಾಟಿದೆ, ಶುಗರ್ ಬಂದು ಹತ್ತು ವರ್ಷದ ಮೇಲಾಯಿತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ, ಜೊತೆಗೆ ಬಿ.ಪಿ.ಗೆ ಒಂದು. ಹೋದ ವರ್ಷ ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆಯಿತು. ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರವಾರದವರು ಗೋವಾಕ್ಕೆ ಓಡುತ್ತಾರೆ, ಶಿರಸಿಯವರು ಹುಬ್ಬಳ್ಳಿಗೆ, ನಾವು ಮಣಿಪಾಲಕ್ಕೋ ಮಂಗಳೂರಿಗೋ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ ಕೂಗಿದ್ದು ಸುಮ್ನೆ ಅಲ್ಲ. ಅಟ್ಯಾಕ್ ಆದ ಮೇಲೆ ತಾಸುಗಟ್ಟಲೆ ರಸ್ತೆ ಮೇಲೆ ಇರಬೇಕಾದ ಊರಿನಲ್ಲಿ, ಆಗುವ ಮೊದಲೇ ಸುಳಿವು ಸಿಕ್ಕರೆ ಅದಕ್ಕೆ ದುಡ್ಡು ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಈ ಪ್ಯಾಕೇಜುಗಳು ಮಾರಾಟ ಆಗುವುದೂ ಅದಕ್ಕೇ.

ಶುಗರ್ ಇದ್ದವರಿಗೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು. ಜೊತೆಗೆ ನಮಗೆ ಎದೆನೋವು ಸರಿಯಾಗಿ ಗೊತ್ತಾಗದೆಯೂ ಹೋಗಬಹುದು. ಅಣ್ಣನಿಗೂ ಆದದ್ದು ಬರೀ ಬೆವರು, ಹೊಟ್ಟೆ ತೊಳಸಿದ ಹಾಗೆ. ಅತ್ತಿಗೆ ಮೊದಲು ಜೀರಿಗೆ ಕಷಾಯ ಮಾಡಿಕೊಟ್ಟಿದ್ದರು.

ಇನ್ನು ಸೇವೆಗೆ ಬರುತ್ತೇನೆ. ಫೋನಿನಲ್ಲಿ ಬುಕ್ ಮಾಡುವುದು ಸುಲಭ. ಕನ್ನಡದಲ್ಲೇ ಮಾತಾಡುತ್ತಾರೆ. ಬೆಳಿಗ್ಗೆ ಆರೂವರೆಯಿಂದ ಏಳರೊಳಗೆ ಬರುತ್ತೇವೆ ಅಂದರು. ಹಿಂದಿನ ರಾತ್ರಿ ಊಟದ ನಂತರ ಹನ್ನೆರಡು ತಾಸು ಏನೂ ತಿನ್ನಬೇಡಿ, ನೀರು ಮಾತ್ರ ಕುಡಿಯಿರಿ ಅಂದರು. ಹುಡುಗ ಬಂದದ್ದು ಎಂಟಕ್ಕೆ. ಗ್ಲಿಮೆಪಿರೈಡ್ ನುಂಗುವವರು ಇಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಕೂರುವುದು ಒಳ್ಳೆಯದಲ್ಲ, ಸಕ್ಕರೆ ತೀರಾ ಇಳಿದು ಕೈ ನಡುಗಲು ಶುರುವಾಗುತ್ತದೆ. ಬೆಳಗಿನ ಮಾತ್ರೆ ತಿಂಡಿಯ ಜೊತೆಗೇ, ರಕ್ತ ಕೊಟ್ಟ ಮೇಲೇ ಅಂತ ಫೋನಿನಲ್ಲಿ ಒಬ್ಬರೂ ಹೇಳಲಿಲ್ಲ. ಹೇಳಬೇಕಿತ್ತು. ಇನ್ನೊಂದು ವಿಷಯ, ಕೊಲೆಸ್ಟ್ರಾಲ್ ಟೆಸ್ಟಿಗೆ ಉಪವಾಸ ಬಹಳಷ್ಟು ಜನರಿಗೆ ಬೇಕೇ ಇಲ್ಲ ಅಂತ ಯುರೋಪಿನ ತಜ್ಞರು 2016ರಲ್ಲೇ ಹೇಳಿದ್ದಾರೆ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಥರದ ಕೊಬ್ಬು) ತುಂಬಾ ಜಾಸ್ತಿ ಬಂದರೆ ಆಗ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ನೋಡಿದರಾಯಿತು. ಫಾಸ್ಟಿಂಗ್ ಶುಗರಿಗೆ ಮಾತ್ರ ಉಪವಾಸ ಬೇಕೇ ಬೇಕು.

ಹುಡುಗನ ಕೈ ಚೆನ್ನಾಗಿದೆ. ನನ್ನ ನರ ಸಿಗುವುದು ಕಷ್ಟ, ಹಿಂದೆ ಎರಡೂ ಕೈಗೆ ಚುಚ್ಚಿಸಿಕೊಂಡ ಅನುಭವ ಇದೆ. ಇವನು ರಬ್ಬರ್ ಪಟ್ಟಿ ಕಟ್ಟಿ, ಬೆರಳಲ್ಲಿ ಒತ್ತಿ ನೋಡಿ, "ಅಕ್ಕಾ, ಮುಷ್ಟಿ ಹಿಡೀರಿ, ಸಾಕು, ಬಿಡಿ" ಅನ್ನುವಷ್ಟರಲ್ಲಿ ಮುಗಿಸಿದ್ದ. ಹೊಸ ಸೂಜಿಯ ಪೊಟ್ಟಣ ನನ್ನ ಎದುರೇ ಹರಿದ. ಕೊಳವೆಗಳಿಗೆ ಬಾರ್‌ಕೋಡ್ ಚೀಟಿ ಅಲ್ಲೇ ಅಂಟಿಸಿ, ಹೆಸರು ನನ್ನ ಹತ್ತಿರವೇ ಓದಿಸಿದ. ಇದಕ್ಕೆ ಪೂರ್ತಿ ಅಂಕ.

ಆದರೆ ಕೊಳವೆಗಳು ಎರಡೇ. ನೇರಳೆ ಮುಚ್ಚಳದ್ದು ಒಂದು, ಹಳದಿ ಮುಚ್ಚಳದ್ದು ಒಂದು. ಶುಗರ್ ನೋಡಲು ಬೂದು ಮುಚ್ಚಳದ್ದು ಬೇಕು. ಹತ್ತು ವರ್ಷದಿಂದ ರಕ್ತ ಕೊಡುತ್ತಾ ಬಂದವಳಿಗೆ ಮುಚ್ಚಳದ ಬಣ್ಣವೆಲ್ಲ ಬಾಯಿಪಾಠ. "ತಮಾ, ಬೂದು ಮುಚ್ಚಳದ್ದು ಎಲ್ಲಿ?" ಅಂತ ಕೇಳಿದೆ. "ಸ್ಟಾಕ್ ಇಲ್ಲ ಅಕ್ಕಾ, ಇದ್ರಲ್ಲೇ ಆಗುತ್ತೆ" ಅಂದ.

ಆಗಲಿಲ್ಲ. ಆ ಬೆಳಿಗ್ಗೆ ಮನೆಯ ಮೀಟರಿನಲ್ಲಿ ಫಾಸ್ಟಿಂಗ್ 139 ಬಂದಿತ್ತು. ಲ್ಯಾಬಿನ ರಿಪೋರ್ಟಿನಲ್ಲಿ 96. ಮೀಟರು ಸ್ವಲ್ಪ ಆಚೀಚೆ ತೋರಿಸುತ್ತದೆ ನಿಜ, ಆದರೆ ಇಷ್ಟಲ್ಲ. ರಕ್ತ ಕೊಳವೆಗೆ ಬಿದ್ದ ಮೇಲೂ ಅದರ ಜೀವಕೋಶಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ತಾಸಿಗೆ ನೂರಕ್ಕೆ 5ರಿಂದ 7ರಷ್ಟು ಇಳಿಯುತ್ತದೆ. ಬೂದು ಮುಚ್ಚಳದ ಕೊಳವೆಯಲ್ಲಿ ಫ್ಲೋರೈಡ್ ಹಾಕಿರುವುದು ಅದನ್ನು ತಡೆಯಲಿಕ್ಕೆ. ಹಳದಿ ಕೊಳವೆಯಲ್ಲೂ ನಡೆಯುತ್ತದೆ, ಆದರೆ ತೆಗೆದ ಸ್ವಲ್ಪ ಹೊತ್ತಿಗೇ ಯಂತ್ರದಲ್ಲಿ ತಿರುಗಿಸಿ ಜೀವಕೋಶ ಬೇರೆ, ನೀರು ಬೇರೆ ಮಾಡಬೇಕು. ನಮ್ಮ ಹುಡುಗ ನನ್ನ ರಕ್ತ ಡಬ್ಬಿಗೆ ಹಾಕಿಕೊಂಡು ಹೆಗಡೆ, ಮಿರ್ಜಾನ್ ಕಡೆಯೆಲ್ಲ ಸುತ್ತಿ ಸೆಂಟರ್ ಸೇರುವಾಗ ಮಧ್ಯಾಹ್ನ. ಫೋನ್ ಮಾಡಿ ಕೇಳಿದಾಗ ಅವನೇ ಪಾಪ ನಿಜ ಹೇಳಿದ.

ಕೌಂಟರಿನವರು ಮೊದಲು ಒಪ್ಪಲಿಲ್ಲ. "ಮೀಟರ್ ನಂಬಬೇಡಿ ಮೇಡಂ" ಅಂದರು. ಅವರದೇ ರಿಪೋರ್ಟಿನ ಇನ್ನೊಂದು ಸಾಲು ತೋರಿಸಿದೆ. ಎಚ್‌ಬಿಎ1ಸಿ 7.4, ಅದರ ಕೆಳಗೆ ಮೂರು ತಿಂಗಳ ಸರಾಸರಿ ಸಕ್ಕರೆ 166 ಅಂತ ಅವರೇ ಅಚ್ಚು ಹಾಕಿದ್ದರು. ಸರಾಸರಿ 166 ಇರುವವಳ ಫಾಸ್ಟಿಂಗ್ 96 ಬಂದರೆ ಅನುಮಾನ ಬರಬೇಕಾದದ್ದು ಅವರಿಗಲ್ವಾ? ಮರುದಿನ ಸೆಂಟರಿಗೇ ಕರೆದು, ಬೂದು ಕೊಳವೆಯಲ್ಲಿ ತೆಗೆದು, ದುಡ್ಡು ತಗೊಳ್ಳದೆ ಮಾಡಿಕೊಟ್ಟರು. 142 ಬಂತು.

ಈಗ 78ರ ಲೆಕ್ಕ. ಲೆಕ್ಕ ಬರೆಯುವವಳ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ರಕ್ತಕಣಗಳ ಎಣಿಕೆ ಒಂದಕ್ಕೇ 24 ಟೆಸ್ಟ್ ಅಂತ ಲೆಕ್ಕ. ಮೂತ್ರದ ಬಣ್ಣ, ವಾಸನೆ, ತಿಳಿ ಇದೆಯೋ ಇಲ್ಲವೋ, ಇವೂ ಒಂದೊಂದು ಟೆಸ್ಟ್. ಕೊಲೆಸ್ಟ್ರಾಲಿನದು ಇನ್ನೂ ಚೆಂದ. ಹತ್ತು ಟೆಸ್ಟ್ ಅಂತ ಬರೆದಿದ್ದಾರೆ. ಯಂತ್ರ ಅಳೆದದ್ದು ಮೂರೇ: ಒಟ್ಟು ಕೊಲೆಸ್ಟ್ರಾಲ್ 178, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 38, ಟ್ರೈಗ್ಲಿಸರೈಡ್ 212. ಉಳಿದ ಏಳೂ ಬರೀ ಕೂಡಿ ಕಳೆದು ಭಾಗಿಸಿದ್ದು. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್‌ಗೆ ಎಚ್‌ಡಿಎಲ್ ಒಂದು ಭಾಗಾಕಾರ, ಎಚ್‌ಡಿಎಲ್‌ಗೆ ಎಲ್‌ಡಿಎಲ್ ಇನ್ನೊಂದು. ಅದೇ ಎರಡು ಅಂಕಿ ತಲೆಕೆಳಗು ಮಾಡಿದರೆ ಇನ್ನೊಂದು ಟೆಸ್ಟ್! ನಮ್ಮ ಧಣಿ ಹೀಗೆ ಬಿಲ್ ಮಾಡಿದರೆ ಮಾಲು ವಾಪಸ್ ಬರುತ್ತಿತ್ತು.

ಎಲ್‌ಡಿಎಲ್ ಕೂಡ ಲೆಕ್ಕದ ಅಂಕಿಯೇ. ಒಟ್ಟಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯಿರಿ. 178ರಲ್ಲಿ 38 ಹೋಯಿತು, 42.4 ಹೋಯಿತು, ಉಳಿದದ್ದು 97.6. ರಿಪೋರ್ಟಿನಲ್ಲೂ ಅದೇ. ಇದು ಫ್ರೀಡ್‌ವಾಲ್ಡ್ ಅನ್ನುವವರು 1972ರಲ್ಲಿ ಕೊಟ್ಟ ಸೂತ್ರ, ಮೋಸ ಏನಿಲ್ಲ. ಆದರೆ ಟ್ರೈಗ್ಲಿಸರೈಡ್ ಏರಿದ ಹಾಗೆಲ್ಲ ಈ ಲೆಕ್ಕ ಹದ ತಪ್ಪುತ್ತದೆ, 400 ದಾಟಿದರೆ ಬಳಸುವುದೇ ಇಲ್ಲ. ಟ್ರೈಗ್ಲಿಸರೈಡ್ ಏರುವುದು ಯಾರಿಗೆ? ಹೆಚ್ಚಾಗಿ ನಮ್ಮಂಥ ಶುಗರಿನವರಿಗೇ.

ಆ 97.6ರ ಪಕ್ಕ ಹಸಿರು ಚುಕ್ಕೆ. 100ರ ಒಳಗೆ ಇದ್ದರೆ ಉತ್ತಮ ಅಂತ ಅಚ್ಚಾಗಿದೆ. ಪ್ಯಾಕೇಜಿನ ಜೊತೆ ‘ಉಚಿತ ಡಾಕ್ಟರ್ ಸಲಹೆ’ ಅಂತ ಒಂದು ಫೋನ್ ಕರೆಯೂ ಬಂತು. "ನಿಮ್ಮ ಬ್ಯಾಡ್ ಕೊಲೆಸ್ಟ್ರಾಲ್ ನಾರ್ಮಲ್ ಇದೆ ಮೇಡಂ, ಎಣ್ಣೆ ಕಮ್ಮಿ ಮಾಡಿ, ವಾಕಿಂಗ್ ಮಾಡಿ." ಆಮೇಲೆ ಅವರದೇ ಬ್ರಾಂಡಿನ ಒಮೆಗಾ ಮಾತ್ರೆ ತಗೊಳ್ಳಿ ಅಂದರು. ವಾರಕ್ಕೆ ನಾಲ್ಕು ದಿನ ಬಂಗುಡೆ, ತಾರ್ಲೆ ಮೀನು ತಿನ್ನುವ ಊರಿಗೆ ಒಮೆಗಾ ಮಾತ್ರೆ ಮಾರುತ್ತಾರೆ.

ನನ್ನ ಸಿಟ್ಟೆಲ್ಲ ಇರುವುದು ಆ ಹಸಿರು ಚುಕ್ಕೆಯ ಮೇಲೆ. ಶುಗರ್ ಇಲ್ಲದ, ಬೇರೆ ತೊಂದರೆ ಇಲ್ಲದ ಮನುಷ್ಯನಿಗೆ 100ರ ಒಳಗೆ ಇದ್ದರೆ ಸರಿ. ಭಾರತದ ಹೃದಯ ತಜ್ಞರ ಸಂಘ, ಅಂದ್ರೆ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ, 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಶುಗರ್ ಇದ್ದವರನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸಿದೆ. ಆ ಗುಂಪಿಗೆ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು. ಈಗಾಗಲೇ ಅಟ್ಯಾಕ್ ಆದ ಅಣ್ಣನಂಥವರಿಗೆ 55ಕ್ಕಿಂತ ಕೆಳಗೆ. ಬುಕ್ ಮಾಡುವಾಗ ಶುಗರ್ ಇದೆಯಾ, ಎಷ್ಟು ವರ್ಷ ಆಯಿತು ಅಂತ ಎಲ್ಲ ಕೇಳಿ ಬರೆದುಕೊಂಡಿದ್ದಾರೆ. ಪ್ಯಾಕೇಜಿನ ಹೆಸರಲ್ಲೇ ‘ಡಯಾಬಿಟಿಕ್’ ಇದೆ. ಅಷ್ಟಾದ ಮೇಲೂ ಚುಕ್ಕೆ ಹಾಕುವ ಗಣಕಕ್ಕೆ ನಾನೂ ಒಂದೇ, ಕಾಲೇಜಿಗೆ ಹೋಗುವ ಪಕ್ಕದ ಮನೆ ಹುಡುಗಿಯೂ ಒಂದೇ. ಎಚ್‌ಡಿಎಲ್‌ಗೂ ಗಂಡಸು ಹೆಂಗಸು ಇಬ್ಬರಿಗೂ 40 ಅಂತ ಒಂದೇ ಗೆರೆ ಎಳೆದಿದ್ದಾರೆ. ಹೆಂಗಸರಿಗೆ 50ಕ್ಕಿಂತ ಕೆಳಗಿದ್ದರೆ ಕಮ್ಮಿ ಅಂತಲೇ ಲೆಕ್ಕ. ಹಿಂದಿನ ವರ್ಷಗಳ ನನ್ನ ರಿಪೋರ್ಟುಗಳೂ ಇಂಥದೇ ಹಸಿರು ಚುಕ್ಕೆಯವು. ಯಾರೂ ನನಗೆ ಕೊಲೆಸ್ಟ್ರಾಲ್ ಮಾತ್ರೆ ಬರೆದಿರಲಿಲ್ಲ.

ಕೊಲೆಸ್ಟ್ರಾಲಿನ ಆ ಹತ್ತರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಒಂದು ಸಾಲು ಇದೆ, ಅದು ಮೂಲೆಯಲ್ಲಿ ಬಿದ್ದಿದೆ. ನಾನ್-ಎಚ್‌ಡಿಎಲ್. ಒಟ್ಟಿನಿಂದ ಎಚ್‌ಡಿಎಲ್ ಕಳೆದರೆ ಮುಗಿಯಿತು, 178ರಲ್ಲಿ 38 ಹೋಗಿ 140. ಉಪವಾಸ ಬೇಡ, ಹೊಸ ಟೆಸ್ಟ್ ಬೇಡ, ಟ್ರೈಗ್ಲಿಸರೈಡಿನ ತಕರಾರೂ ಇಲ್ಲ. ನಮ್ಮ ಗುಂಪಿಗೆ ಇದು 100ರ ಒಳಗೆ ಇರಬೇಕು. ನನ್ನದಕ್ಕೆ ಹಳದಿ ಚುಕ್ಕೆ ಹಾಕಿ ಬಿಟ್ಟಿದ್ದಾರೆ. ಫೋನಿನ ಡಾಕ್ಟರು ಅದರ ಸುದ್ದಿಯನ್ನೇ ಎತ್ತಲಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ರಿಪೋರ್ಟ್ ಇದ್ದರೆ ಈಗಲೇ ತೆಗೆದು ಕಳೆದು ನೋಡಿ, ಪುಕ್ಕಟೆ.

ರಿಪೋರ್ಟ್ ಹಿಡಿದುಕೊಂಡು ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆ. ಅವರು 78ರಲ್ಲಿ ನಾಲ್ಕೈದು ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದು, ಚೀಟಿಯಲ್ಲಿ ಬೇರೆ ನಾಲ್ಕು ಟೆಸ್ಟ್ ಬರೆದರು. ಅಪೊಬಿ, ಎಲ್‌ಪಿ(ಎ), ಎಚ್‌ಎಸ್-ಸಿಆರ್‌ಪಿ, ಮತ್ತೆ ಮೂತ್ರದ ಎಸಿಆರ್. ಅದೇ ಸೆಂಟರಿನಲ್ಲಿ ಬಿಡಿಯಾಗಿ ಮಾಡಿಸಿದೆ. ಮತ್ತೆ ಸುಮಾರು 2,500 ಖರ್ಚು. ಈ ಚೀಟಿ ಮೊದಲೇ ಸಿಕ್ಕಿದ್ದರೆ, ಬೇಕಾದದ್ದನ್ನಷ್ಟೇ ಬಿಡಿಯಾಗಿ ಮಾಡಿಸಿ ಪ್ಯಾಕೇಜಿನ ಅರ್ಧ ದುಡ್ಡು ಉಳಿಯುತ್ತಿತ್ತು.

ಅಪೊಬಿ ನನಗೆ ತಕ್ಷಣ ತಲೆಗೆ ಹೋಯಿತು, ಕಾರಣ ನಮ್ಮ ಫ್ಯಾಕ್ಟರಿ. ಗೇರುಬೀಜದ ತಿರುಳಿಗೆ ಗ್ರೇಡ್ ಹಾಕುವುದು ಎಣಿಕೆಯ ಮೇಲೆ. ಡಬ್ಲ್ಯು180 ಅಂದ್ರೆ ಒಂದು ಪೌಂಡಿಗೆ 170ರಿಂದ 180 ಇಡೀ ತಿರುಳು, ದಪ್ಪದಪ್ಪನೆಯದು. ಡಬ್ಲ್ಯು320 ಅಂದ್ರೆ ಅದೇ ಪೌಂಡಿಗೆ 300ರಿಂದ 320. ತಕ್ಕಡಿಗೆ ಎರಡೂ ಒಂದೇ. ಕೂತು ಎಣಿಸಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಎಲ್‌ಡಿಎಲ್ ಅನ್ನುವ ಅಂಕಿ ತೂಕ, ಕಣಗಳ ಒಳಗೆ ತುಂಬಿರುವ ಕೊಲೆಸ್ಟ್ರಾಲ್ ಎಷ್ಟು ಮಿಲಿಗ್ರಾಂ ಅಂತ. ರಕ್ತನಾಳದ ಗೋಡೆಯೊಳಗೆ ಹೊಕ್ಕು ಕೂರುವುದು ಕಣಗಳು. ಶುಗರ್ ಇದ್ದವರಲ್ಲಿ ಈ ಕಣಗಳು ಸಣ್ಣ ಆಗಿರುತ್ತವೆ, ಹಾಗಾಗಿ ಅದೇ ತೂಕಕ್ಕೆ ಸಂಖ್ಯೆ ಜಾಸ್ತಿ. ಪ್ರತಿ ಕಣದ ಮೇಲೂ ಅಪೊಬಿ ಅನ್ನುವ ಪ್ರೋಟೀನ್ ಒಂದೇ ಒಂದು ಇರುತ್ತದೆ. ಅದನ್ನು ಅಳೆದರೆ ಕಣ ಎಣಿಸಿದಂತೆಯೇ. ನನ್ನದು 108. ನನ್ನಂಥವರಿಗೆ 80ರ ಒಳಗೆ ಇರಬೇಕು ಅಂದರು ಡಾಕ್ಟರು. ಎಲ್‌ಡಿಎಲ್‌ನ ಹಸಿರು ಚುಕ್ಕೆ ಅಲ್ಲಿಗೆ ಮುಗಿಯಿತು.

(ಈ ನಡುವೆ ಒಂದು ಮಾತು. ಗೇರುಬೀಜ ತಿಂದರೆ ಕೊಲೆಸ್ಟ್ರಾಲ್ ಬರುತ್ತದೆ ಅಂತ ನೆಂಟರೆಲ್ಲ ಹೇಳುತ್ತಾರೆ, ಆಮೇಲೆ ಅರ್ಧ ಕಿಲೋ ಕೊಡಿಸು ಅಂತಲೂ ಕೇಳುತ್ತಾರೆ. ಗಿಡಮರದಿಂದ ಬಂದ ಯಾವುದರಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇಲ್ಲ. ತುಪ್ಪದಲ್ಲಿ ಹುರಿದು ಉಪ್ಪು ಹಾಕಿ ಮುಷ್ಟಿಗಟ್ಟಲೆ ತಿಂದರೆ ಅದು ಬೇರೆ ವಿಷಯ.)

ಎಲ್‌ಪಿ(ಎ) ಇನ್ನೊಂದು ಥರದ ಕಣ. ಇದು ಹೆಚ್ಚುಕಮ್ಮಿ ಪೂರ್ತಿ ಹುಟ್ಟಿನಿಂದ ಬಂದದ್ದು. ಊಟ, ವಾಕಿಂಗ್, ಯೋಗ ಯಾವುದಕ್ಕೂ ಬಗ್ಗುವುದಿಲ್ಲ. ಜೀವನದಲ್ಲಿ ಒಮ್ಮೆ ನೋಡಿಸಿದರೆ ಸಾಕು ಅಂತ ಹೇಳುವುದು ಅದಕ್ಕೇ. 50 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು. ನನ್ನದು 62. ಅಣ್ಣನ ಮಣಿಪಾಲದ ಫೈಲ್ ತೆಗೆದು ನೋಡಿದರೆ ಅದರಲ್ಲೂ 50ರ ಮೇಲೆ. ಕೆಲವು ಲ್ಯಾಬಿನವರು ಇದನ್ನು ಮಿಲಿಗ್ರಾಂನಲ್ಲಿ ಕೊಡುತ್ತಾರೆ, ಕೆಲವರು ನ್ಯಾನೋಮೋಲ್‌ನಲ್ಲಿ. ಅಲ್ಲಿ 125 ದಾಟಿದರೆ ಹೆಚ್ಚು. ಒಂದನ್ನು ಇನ್ನೊಂದಕ್ಕೆ ಗುಣಿಸಿ ಬದಲಿಸಲು ಸರಿಯಾದ ಲೆಕ್ಕ ಇಲ್ಲ, ಹಾಗಾಗಿ ಘಟಕ ನೋಡಿಕೊಂಡು ಓದಿ. ಇದನ್ನೇ ಇಳಿಸುವ ಮದ್ದು ಇನ್ನೂ ಪರೀಕ್ಷೆಯ ಹಂತದಲ್ಲಿದೆ ಅಂದರು. "ಮತ್ಯಾಕೆ ನೋಡಿಸಿದ್ರಿ?" ಅಂತ ಕೇಳಿದೆ. "ಇದು ಇಳಿಯಲ್ಲ, ಅದಕ್ಕೆ ಉಳಿದದ್ದೆಲ್ಲ ನಾವು ಬಿಗಿ ಮಾಡ್ಬೇಕಮ್ಮ" ಅಂದರು. ಬೆಂಗಳೂರಿನಲ್ಲಿರುವ ಮಗಳಿಗೂ ಒಮ್ಮೆ ನೋಡಿಸಲು ಹೇಳಿದ್ದಾರೆ.

ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ವಿಷಯದಲ್ಲಿ ಪ್ಯಾಕೇಜಿನವರದು ಕೈಚಳಕ. ಜಾಹೀರಾತಿನಲ್ಲಿ ‘ಹೃದಯದ ಉರಿಯೂತ ಪರೀಕ್ಷೆ’ ಅಂತ ಇದೆ. ಮಾಡಿದ್ದು ಜ್ವರ ಬಂದವರಿಗೆ ಮಾಡುವ ಸಾದಾ ಸಿಆರ್‌ಪಿ. ‘5ಕ್ಕಿಂತ ಕಡಿಮೆ’ ಅಂತ ಬರೆದು ಬಿಟ್ಟಿದ್ದಾರೆ. ಹೃದಯದ ಲೆಕ್ಕ ನಡೆಯುವುದೇ ಆ ಐದರೊಳಗೆ. 1ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಮ್ಮಿ, 1ರಿಂದ 3 ನಡುಮಧ್ಯ, 3ರ ಮೇಲೆ ಹೆಚ್ಚು. ಅಷ್ಟು ಸಣ್ಣ ಅಂಕಿ ಹಿಡಿಯಲು ಎಚ್‌ಎಸ್ ಅನ್ನುವ ಸೂಕ್ಷ್ಮ ಟೆಸ್ಟೇ ಬೇಕು. ಬಿಡಿಯಾಗಿ ಮಾಡಿಸಿದಾಗ ನನಗೆ ಒಸಡು ಊದಿತ್ತು, 6.8 ಬಂತು. ಮೈಯಲ್ಲಿ ಎಲ್ಲಿ ಗಾಯ, ಸೋಂಕು ಇದ್ದರೂ ಇದು ಏರುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಒಸಡು ಗುಣವಾದ ಮೇಲೆ 2.4ಕ್ಕೆ ಇಳಿಯಿತು. ನೆಗಡಿ, ಜ್ವರ ಇರುವಾಗ ಇದಕ್ಕೆ ದುಡ್ಡು ಹಾಕಬೇಡಿ.

ಎಸಿಆರ್ ರಕ್ತದ ಟೆಸ್ಟ್ ಅಲ್ಲ, ಮೂತ್ರದ್ದು. ಆದರೂ ಹೃದಯದ ಲೆಕ್ಕದಲ್ಲಿ ಇದು ರಕ್ತದ ಟೆಸ್ಟಿಗೆ ಕಮ್ಮಿಯೇನಲ್ಲ. ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಸೋರುತ್ತಿದ್ದರೆ ಕಿಡ್ನಿಯ ಸಣ್ಣ ನಾಳಗಳು ಹಾಳಾಗುತ್ತಿವೆ ಅಂತ ಅರ್ಥ. ಇಂಥವರಲ್ಲಿ ಹೃದಯದ ಕಾಯಿಲೆಯೂ ಜಾಸ್ತಿ ಕಾಣುತ್ತದೆ. 30ರ ಒಳಗೆ ಸರಿ, 30ರಿಂದ 300 ಎಚ್ಚರಿಕೆ. ಪ್ಯಾಕೇಜಿನ ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ‘ನಿಲ್’ ಅಂತ ಇತ್ತು. ಕಾಗದದ ಪಟ್ಟಿ ಅದ್ದಿ ನೋಡುವ ಆ ವಿಧಾನಕ್ಕೆ ಸ್ವಲ್ಪ ಪ್ರಮಾಣದ ಸೋರಿಕೆ ಕಾಣುವುದಿಲ್ಲ. ಎಸಿಆರ್ ಮಾಡಿಸಿದರೆ 46. ಒಂದೇ ಸಲಕ್ಕೆ ಹಣೆಪಟ್ಟಿ ಹಚ್ಚುವುದಿಲ್ಲ, ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ ಎರಡು ಸಲವಾದರೂ ಹೆಚ್ಚಿರಬೇಕು. ನನ್ನದು ಎರಡನೇ ಸಲ 41. ಡಾಕ್ಟರು ಬಿ.ಪಿ. ಮಾತ್ರೆ ಬದಲಿಸಿದರು. ವರ್ಷಕ್ಕೊಮ್ಮೆ ಶುಗರಿನವರೆಲ್ಲ ಮಾಡಿಸಬೇಕಾದ ಟೆಸ್ಟ್ ಇದು. 78ರಲ್ಲಿ ಮೂತ್ರದ ವಾಸನೆಗೆ ಜಾಗ ಇದೆ, ಇದಕ್ಕಿಲ್ಲ.

ಪ್ಯಾಕೇಜಿನಲ್ಲಿ ಕೆಂಪಗೆ ಹೊಳೆದದ್ದು ಹೋಮೋಸಿಸ್ಟೀನ್ (ರಕ್ತದಲ್ಲಿರುವ ಒಂದು ಅಮೈನೋ ಆಮ್ಲ), 19. ಹದಿನೈದರೊಳಗೆ ಇರಬೇಕಂತೆ. ‘ಹೃದಯಾಘಾತದ ಅಪಾಯ’ ಅಂತ ದಪ್ಪ ಅಕ್ಷರದಲ್ಲಿ ಬೇರೆ. ಎರಡು ಸಾಲು ಕೆಳಗೆ ಬಿ12 ಕಮ್ಮಿ ಅಂತ ಇದೆ. ಎರಡಕ್ಕೂ ಸಂಬಂಧ ಇದೆ ಅಂತ ಮಾತ್ರ ಎಲ್ಲೂ ಬರೆದಿಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯಬಹುದು, ಬಿ12 ಇಳಿದರೆ ಹೋಮೋಸಿಸ್ಟೀನ್ ಏರುತ್ತದೆ. ವಿಟಮಿನ್ ಕೊಟ್ಟು ಹೋಮೋಸಿಸ್ಟೀನ್ ಇಳಿಸಿದರೂ ಹಾರ್ಟ್ ಅಟ್ಯಾಕ್ ಕಮ್ಮಿ ಆಗಲಿಲ್ಲ ಅಂತ 2006ರ ಹೋಪ್-2 ಅಧ್ಯಯನದಲ್ಲಿ ಬಂದಿದೆ. ಬಿ12 ಮಾತ್ರೆ ಶುರು ಮಾಡಿದ್ದೇನೆ, ಅದು ಕಾಲು ಜೋಮಿಗೆ. ಎದೆಗಲ್ಲ.

ಕೌಂಟರಿನಲ್ಲಿ ಇನ್ನೂ ಎರಡು ಟೆಸ್ಟ್ ಸೇರಿಸಲು ನೋಡಿದರು, ಟ್ರೋಪೋನಿನ್ ಮತ್ತು ಎನ್‌ಟಿ-ಪ್ರೊಬಿಎನ್‌ಪಿ. ಎರಡನೆಯದಕ್ಕೆ ಅರ್ಥ ಇದೆ. ಹೃದಯ ಸುಸ್ತಾಗುತ್ತಿದೆಯೇ ಅಂತ ತಿಳಿಯಲು ಶುಗರಿನವರಿಗೆ ವರ್ಷಕ್ಕೊಮ್ಮೆ ನೋಡಬಹುದು ಅಂತ ಅಮೆರಿಕದ ಡಯಾಬಿಟಿಸ್ ಸಂಸ್ಥೆ 2022ರಲ್ಲಿ ಹೇಳಿದೆ, 125ರ ಮೇಲೆ ಬಂದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು. ದುಬಾರಿ ಅಂತ ನನ್ನ ಡಾಕ್ಟರು ಸದ್ಯಕ್ಕೆ ಬೇಡ ಅಂದರು. ಟ್ರೋಪೋನಿನ್ ಎದೆನೋವು ಬಂದ ಹೊತ್ತಿಗೆ ಆಸ್ಪತ್ರೆಯಲ್ಲಿ ನೋಡುವಂಥದ್ದು. ಎದೆನೋವು ಬಂದವರು ಮನೆಯಲ್ಲಿ ಕೂತು ಸ್ಕೂಟರಿನ ಹುಡುಗನಿಗೆ ಕಾಯಬಾರದು, ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ನಿಮ್ಮ ತಾಲೂಕಿನಲ್ಲಿ ಇದೆಯೇ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ನನಗೆ ಕೊಲೆಸ್ಟ್ರಾಲ್ ಇಳಿಸುವ ರೋಸುವಾಸ್ಟಾಟಿನ್ ಮಾತ್ರೆ ಬರೆದರು. ಕಾಲು ನೋವು ಬರುತ್ತದೆ, ಲಿವರ್ ಹೋಗುತ್ತದೆ ಅಂತ ಫ್ಯಾಕ್ಟರಿಯಲ್ಲಿ ಬೀಜ ಆರಿಸುವ ಅಕ್ಕಂದಿರೆಲ್ಲ ಹೆದರಿಸಿದ್ದರು. ಡಾಕ್ಟರು 2004ರ ಕಾರ್ಡ್ಸ್ ಅಧ್ಯಯನದ ವಿಷಯ ಹೇಳಿದರು. ಶುಗರ್ ಇದ್ದು ಹೃದಯದ ಕಾಯಿಲೆ ಇನ್ನೂ ಬಂದಿರದವರಿಗೆ ಇದೇ ಜಾತಿಯ ಅಟೋರ್ವಾಸ್ಟಾಟಿನ್ ಮಾತ್ರೆ ದಿನಕ್ಕೆ 10 ಮಿಲಿಗ್ರಾಂ ಕೊಟ್ಟಾಗ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥ ದೊಡ್ಡ ಘಟನೆಗಳು ನೂರಕ್ಕೆ 37ರಷ್ಟು ಕಮ್ಮಿ ಆದವಂತೆ. ಅದರಲ್ಲಿ ಎಲ್‌ಡಿಎಲ್ ತೀರಾ ಹೆಚ್ಚಿರದವರೇ ಇದ್ದದ್ದು, ಅಂದ್ರೆ ಹಸಿರು ಚುಕ್ಕೆಯ ನನ್ನಂಥವರೂ. ನಾನು ಒಪ್ಪಿದ್ದು ಆ ಮಾತಿಗೆ. ರಾತ್ರಿಯ ಕುಚ್ಚಲಕ್ಕಿ ಅನ್ನವನ್ನೂ ಅರ್ಧ ಮಾಡಿದೆ, ಟ್ರೈಗ್ಲಿಸರೈಡ್ ಇಳಿಯಬೇಕಾದರೆ ಸಕ್ಕರೆ ಇಳಿಯಬೇಕು. ಮೂರು ತಿಂಗಳಾದ ಮೇಲೆ ನಾನ್-ಎಚ್‌ಡಿಎಲ್ 92, ಅಪೊಬಿ 74. ಕಾಲು ನೋವೇನೂ ಇಲ್ಲ.

ಆ ಟೆಸ್ಟನ್ನೂ ಇದೇ ಲ್ಯಾಬಿನಲ್ಲಿ ಮಾಡಿಸಿದೆ. ಮೊದಲೇ ಹೇಳಿದೆನಲ್ಲ, ಸೇವೆ ಪರವಾಗಿಲ್ಲ. ರಿಪೋರ್ಟ್ ಮರುದಿನ ಸಂಜೆಗೆ ವಾಟ್ಸ್‌ಆಪಿಗೆ ಬರುತ್ತದೆ, ಅಪೊಬಿ ಮತ್ತು ಎಲ್‌ಪಿ(ಎ) ಹೊರಗೆ ಹೋಗುವುದರಿಂದ ಇನ್ನೂ ಎರಡು ಮೂರು ದಿನ. ಮುಖ್ಯ ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ, ರಿಪೋರ್ಟಿನ ಮೇಲೆ ಮುದ್ರೆ ನೋಡಿ. ಮುದ್ರೆ ಇದ್ದರೂ ಎಲ್ಲ ಟೆಸ್ಟಿಗೂ ಮಾನ್ಯತೆ ಇರಬೇಕು ಅಂತಿಲ್ಲ, ಯಾವುದಕ್ಕೆ ಇದೆ ಅಂತ ಕೇಳಿ ನೋಡಿ. ಬುಕ್ ಮಾಡುವಾಗ ಬೂದು ಮುಚ್ಚಳದ ಕೊಳವೆ ತರಲು ಹೇಳಿ, ದಿನದ ಮೊದಲ ಮನೆ ನಿಮ್ಮದೇ ಆಗಲಿ ಅಂತಲೂ ಹೇಳಿ. ಪ್ಯಾಕೇಜ್ ಬೇಡ ಅಂದರೆ ಮುಖ ಸಣ್ಣ ಮಾಡುತ್ತಾರೆ, ಡಾಕ್ಟರ ಚೀಟಿ ತೋರಿಸಿದರೆ ಬಿಡಿ ಟೆಸ್ಟಿಗೂ ನೂರಕ್ಕೆ ಹತ್ತು ಬಿಡುತ್ತಾರೆ, ಕೇಳಬೇಕು ಅಷ್ಟೇ. ಎಚ್‌ಬಿಎ1ಸಿ, ಲಿಪಿಡ್ (ಕೊಲೆಸ್ಟ್ರಾಲಿನ ಟೆಸ್ಟ್), ಕ್ರಿಯೇಟಿನಿನ್ (ಕಿಡ್ನಿಯದು), ಎಸಿಆರ್, ಮೊದಲ ಸಲ ಅಪೊಬಿ ಮತ್ತು ಎಲ್‌ಪಿ(ಎ). ನನ್ನಂಥವರು ಡಾಕ್ಟರ ಹತ್ತಿರ ಈ ಹೆಸರುಗಳನ್ನು ಕೇಳಿ ಬರೆಸಿಕೊಂಡರೆ ಸಾಕಾಗುತ್ತದೆ.

ರಕ್ತ ತೆಗೆದ ಹುಡುಗನಿಗೆ ಐದು ಸ್ಟಾರ್. ಪ್ಯಾಕೇಜ್ ಕಟ್ಟಿದವರಿಗೆ ಎರಡು. ಐದು ಕೊಟ್ಟರೆ ಮುಂದಿನ ಬಿಲ್ಲಿನಲ್ಲಿ ನೂರು ರೂಪಾಯಿ ಕಡಿತ ಅಂತ ಲ್ಯಾಬಿನಿಂದ ಮೆಸೇಜ್ ಬಂದಿದೆ. ಸರಾಸರಿ ಮೂರೂವರೆ ಆಗುತ್ತದೆ, ಅಷ್ಟೇ ಹಾಕಿದ್ದೇನೆ.